ಮೂರು ಸಿದ್ಧಾಂತ, ಒಂದು ಪಿಎಫ್ ಗಲಾಟೆ

ಪ್ರಶ್ನೆ: ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಕೆಲವು ವರ್ಷ ಟೈಲರ್ ಆಗಿದ್ದೆ. 2016ರ ಪಿಎಫ್ ಗಲಾಟೆಯಲ್ಲಿ ನಾನೂ ರಸ್ತೆಗೆ ಬಂದಿದ್ದೆ. ಈಗ ಊರಿಗೆ ಬಂದು ದೂರಶಿಕ್ಷಣದಲ್ಲಿ ಬಿಎ ಮಾಡುತ್ತಿದ್ದೇನೆ. ಸಮಾಜಶಾಸ್ತ್ರ ಇಷ್ಟ, ಆದರೆ ಮೂರು ಗೊಂದಲಗಳಿವೆ. ಕಾರ್ಯವಾದ, ಸಂಘರ್ಷ ಸಿದ್ಧಾಂತ, ಸಾಂಕೇತಿಕ ಅಂತರ್‌ಕ್ರಿಯಾವಾದ ಮೂರನ್ನೂ ಬಾಯಿಪಾಠ ಮಾಡಿದ್ದೇನೆ. ಇದರಲ್ಲಿ ಸರಿ ಯಾವುದು? ಲಿಂಗತ್ವ ಸಮಾಜ ಕಟ್ಟಿದ್ದು ಅಂತಾರೆ, ಹಾಗಾದರೆ ಅದು ಸುಳ್ಳಾ? ಒಬ್ಬರಿಗೆ ಹಲವು ಅಸ್ಮಿತೆ ಇರುತ್ತೆ ಅನ್ನೋದು ಏನು? ನೋಟ್ಸ್‌ನಲ್ಲಿ ಎಲ್ಲಾ ಬೇರೆ ದೇಶದ ಉದಾಹರಣೆ. ನಮ್ಮಂಥವರದು ಒಂದೂ ಇಲ್ಲ.

ಉತ್ತರ: ನಿಮ್ಮ ಕೊನೆಯ ದೂರು ನ್ಯಾಯವಾದದ್ದು. ಹಾಗಾಗಿ ಉದಾಹರಣೆಗೆ ಬೇರೆಲ್ಲೂ ಹೋಗುವುದು ಬೇಡ. ನೀವೇ ಕಂಡ ಆ ಗಲಾಟೆಯನ್ನೇ ಇಟ್ಟುಕೊಳ್ಳೋಣ.

ಮರೆತವರಿಗಾಗಿ ಸ್ವಲ್ಪ ಹಿನ್ನೆಲೆ. ಆಗ ಕೆಲಸ ಬಿಟ್ಟು ಎರಡು ತಿಂಗಳು ಖಾಲಿ ಇದ್ದರೆ ಪಿಎಫ್ (ಭವಿಷ್ಯ ನಿಧಿ) ಖಾತೆಯ ಹಣವನ್ನೆಲ್ಲ ತೆಗೆಯಬಹುದಿತ್ತು. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಹೊಸ ನಿಯಮ ತಂತು. ಮಾಲೀಕರು ಕಟ್ಟಿದ ಪಾಲು 58 ವರ್ಷ ತುಂಬುವವರೆಗೆ ಕೈಗೆ ಸಿಗುವುದಿಲ್ಲ ಅಂತ. ಏಪ್ರಿಲ್ 18ರ ಸೋಮವಾರ ಹೊಸೂರು ರಸ್ತೆಯ ಬೊಮ್ಮನಹಳ್ಳಿ ಕಡೆ ಸಾವಿರಾರು ಹೆಣ್ಣುಮಕ್ಕಳು ಮಿಷನ್ ಬಿಟ್ಟು ಹೊರಗೆ ಬಂದರು. ಮರುದಿನ ತುಮಕೂರು ರಸ್ತೆಯಲ್ಲೂ ಜನ. ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು, ಬಸ್ಸುಗಳು ಉರಿದವು, ಹೆಬ್ಬಗೋಡಿ ಠಾಣೆಯಲ್ಲಿ ನಿಲ್ಲಿಸಿದ್ದ ವಾಹನಗಳಿಗೆ ಬೆಂಕಿ ಬಿತ್ತು. 19ರ ಸಂಜೆಯೇ ಕೇಂದ್ರ ನಿಯಮವನ್ನು ವಾಪಸ್ ತಗೊಂಡಿತು. ಯಾವ ದೊಡ್ಡ ಸಂಘಟನೆಯೂ ಕರೆ ಕೊಟ್ಟಿರಲಿಲ್ಲ, ಮುಂದೆ ನಿಂತ ನಾಯಕರೂ ಇರಲಿಲ್ಲ.

ಈಗ ಮೊದಲ ಪ್ರಶ್ನೆ. ಮೂರರಲ್ಲಿ ಯಾವುದು ಸರಿ ಅಂತ ಕೇಳಿದರೆ ದಾರಿ ತಪ್ಪುತ್ತದೆ. ಸಿದ್ಧಾಂತ ಅಂದರೆ ಒಂದು ಘಟನೆಗೆ ಯಾವ ಪ್ರಶ್ನೆ ಹಾಕಬೇಕು ಅನ್ನುವ ಆಯ್ಕೆ. ಒಂದು ಪ್ರಶ್ನೆ ಹಾಕಿದಾಗ ಕೆಲವು ಸಂಗತಿ ಎದ್ದು ಕಾಣುತ್ತವೆ, ಕೆಲವು ಮರೆಯಾಗುತ್ತವೆ. ಮೂರಕ್ಕೂ ಸಮಾನ ಮರ್ಯಾದೆ ಕೊಡಬೇಕು ಅಂತ ಪಠ್ಯಪುಸ್ತಕಗಳು ಹೇಳುವ ಹಾಗಿರುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಒಂದೊಂದು ವಿಷಯದಲ್ಲಿ ಒಂದೊಂದು ಸಿದ್ಧಾಂತ ಚೆನ್ನಾಗಿ ದುಡಿಯುತ್ತದೆ, ಇನ್ನೊಂದು ಕೈಕೊಡುತ್ತದೆ.

ಕಾರ್ಯವಾದಿಗಳ ಪ್ರಶ್ನೆ ಇದು: ಈ ಏರ್ಪಾಡಿನಿಂದ ಸಮಾಜಕ್ಕೆ ಏನು ಉಪಯೋಗ? ಇದು ಒಟ್ಟು ವ್ಯವಸ್ಥೆಯನ್ನು ಹೇಗೆ ಹಿಡಿದು ನಿಲ್ಲಿಸುತ್ತದೆ? ಫ್ರಾನ್ಸಿನ ಎಮಿಲ್ ಡರ್ಕೈಮ್‌ನಿಂದ ಅಮೆರಿಕದ ಟಾಲ್ಕಟ್ ಪಾರ್ಸನ್ಸ್‌ವರೆಗೆ ಇದೇ ಜಾಡು. ಪಿಎಫ್ ಅಂದರೆ ಮುಪ್ಪಿಗೆ ಆಸರೆ. ದುಡಿಯುವಾಗ ಕೂಡಿಡಿಸಿ, ಕೈಲಾಗದ ಕಾಲಕ್ಕೆ ಕೊಡುವುದು. ಇಷ್ಟಕ್ಕೇ ನಿಂತರೆ ದೆಹಲಿಯ ನಿಯಮ ಒಳ್ಳೆಯದಾಗಿಯೇ ಕಾಣುತ್ತದೆ. ಅವರ ಹಣವನ್ನು ಅವರ ಮುಪ್ಪಿಗೇ ಉಳಿಸುತ್ತಿದ್ದೇವೆ, ಗಲಾಟೆ ಯಾಕೆ ಅಂತ ಆಗ ಕೇಳಿದವರು ಕಡಿಮೆಯೇನಲ್ಲ.

ಇಲ್ಲಿ ರಾಬರ್ಟ್ ಮರ್ಟನ್ ನೆರವಿಗೆ ಬರುತ್ತಾನೆ. ಅವನೂ ಅದೇ ಪಾಳೆಯದವನು, ಆದರೆ ಕಣ್ಣು ಚುರುಕು. ಯಾವುದೇ ಏರ್ಪಾಡಿಗೆ ಎರಡು ಬಗೆಯ ಕಾರ್ಯ ಇರುತ್ತದೆ ಅಂದ. ಹೇಳಿಕೊಂಡು ಮಾಡುವ ಪ್ರಕಟ ಕಾರ್ಯ ಒಂದು, ಯಾರೂ ಉದ್ದೇಶಿಸದೆ ತಾನಾಗಿ ನಡೆಯುವ ಸುಪ್ತ ಕಾರ್ಯ ಇನ್ನೊಂದು. ಪಿಎಫ್‌ನ ಪ್ರಕಟ ಕಾರ್ಯ ಮುಪ್ಪು. ಸುಪ್ತ ಕಾರ್ಯ ಏನಿತ್ತು ಅಂತ ನಿಮಗೆ ನಾನು ಹೇಳಬೇಕಾ? ಜೂನ್ ತಿಂಗಳ ಸ್ಕೂಲ್ ಫೀಸು, ತಂಗಿ ಮದುವೆ, ಬಡ್ಡಿ ಸಾಲ, ಆಸ್ಪತ್ರೆ ಖರ್ಚು. ನಾಲ್ಕೈದು ವರ್ಷಕ್ಕೊಮ್ಮೆ ರಾಜೀನಾಮೆ ಕೊಟ್ಟು, ಪಿಎಫ್ ತೆಗೆದು, ಪಕ್ಕದ ಫ್ಯಾಕ್ಟರಿಗೆ ಸೇರುವುದು ಗಾರ್ಮೆಂಟ್ಸ್‌ನಲ್ಲಿ ಹೊಸದೇನಲ್ಲ. ದೆಹಲಿ ಕೈ ಹಾಕಿದ್ದು ಮುಪ್ಪಿನ ಉಳಿತಾಯಕ್ಕೆ ಅಂದುಕೊಂಡು. ಅದರ ಕೈಗೆ ತಗುಲಿದ್ದು ಲಕ್ಷಾಂತರ ಮನೆಗಳ ತುರ್ತು ಹಣ.

ಪರೀಕ್ಷೆಯಲ್ಲಿ ಮರ್ಟನ್ ಬಗ್ಗೆ ಬರೆಯುವಾಗ ಈ ಉದಾಹರಣೆಯನ್ನೇ ಕೊಡಿ. ನೋಟ್ಸ್‌ನಲ್ಲಿರುವ ಮಳೆ ಕುಣಿತದ (ಮಳೆ ಬರದಿದ್ದರೂ ಜನರನ್ನು ಒಗ್ಗೂಡಿಸುವ ಕುಣಿತ) ಉದಾಹರಣೆಯನ್ನು ಮೌಲ್ಯಮಾಪಕರು ಸಾವಿರ ಸಲ ಓದಿರುತ್ತಾರೆ.

ಆದರೆ ಕಾರ್ಯವಾದ ಒಂದು ಕಡೆ ಪೂರ್ತಿ ಸೋಲುತ್ತದೆ. ಉಪಯೋಗ ಅಂತಾರಲ್ಲ, ಯಾರಿಗೆ ಉಪಯೋಗ? ಮರ್ಟನ್‌ನಂಥವರನ್ನು ಬಿಟ್ಟರೆ ಈ ಪ್ರಶ್ನೆಯನ್ನು ಅದು ಕೇಳುವುದು ಅಪರೂಪ.

ಸಂಘರ್ಷ ಸಿದ್ಧಾಂತ ಶುರುವಾಗುವುದೇ ಅಲ್ಲಿಂದ. ಲಾಭ ಯಾರಿಗೆ, ನಷ್ಟ ಯಾರಿಗೆ, ತೀರ್ಮಾನ ಮಾಡುವವರು ಯಾರು? ಮತ್ತೆ ಆ ರಾಜೀನಾಮೆಯನ್ನೇ ನೋಡಿ. ಗ್ರಾಚ್ಯುಟಿ ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಕ್ಕೆ ತಕ್ಕ ಹಾಗೆ ಮಾಲೀಕರು ಕೊಡಬೇಕಾದ ಮೊತ್ತ, ಅದರ ಕಾನೂನು ಬಂದದ್ದು 1972ರಲ್ಲಿ. ಅದರ ಪ್ರಕಾರ ಸಾಮಾನ್ಯವಾಗಿ ಒಂದೇ ಕಡೆ ಐದು ವರ್ಷ ಬಿಡದೆ ದುಡಿದವರಿಗೆ ಮಾತ್ರ ಗ್ರಾಚ್ಯುಟಿ ಸಿಗುತ್ತಿತ್ತು. ಪಿಎಫ್‌ಗಾಗಿ ನಾಲ್ಕನೇ ವರ್ಷಕ್ಕೆ ಕೆಲಸ ಬಿಟ್ಟವರಿಗೆ ಅದು ಹೋಯಿತು. ಹೊಸ ಫ್ಯಾಕ್ಟರಿಯಲ್ಲಿ ಲೆಕ್ಕ ಮತ್ತೆ ಸೊನ್ನೆಯಿಂದ. ಯಾರೂ ಮೋಸ ಮಾಡಬೇಕು ಅಂತ ಕೂತು ಯೋಜನೆ ಹಾಕಬೇಕಾಗಿಲ್ಲ. ಸಂಬಳ ಕಡಿಮೆ, ಹಾಗಾಗಿ ಪಿಎಫ್ ಬೇಕು. ಪೂರ್ತಿ ಪಿಎಫ್ ಬೇಕು ಅಂದರೆ ಕೆಲಸ ಬಿಡಬೇಕು. ಬಿಟ್ಟರೆ ಹಳೆಯ ಸೇವೆ ಲೆಕ್ಕಕ್ಕಿಲ್ಲ. ಈ ಸುತ್ತಿನಲ್ಲಿ ಪ್ರತಿ ಸಲ ಉಳಿತಾಯ ಆಗುವುದು ಮಾಲೀಕರಿಗೆ. ಕಾರ್ಲ್ ಮಾರ್ಕ್ಸ್ ಹೇಳುವ ಶೋಷಣೆಯನ್ನು ಕೆಟ್ಟ ಮಾಲೀಕ, ಒಳ್ಳೆ ಮಾಲೀಕ ಅನ್ನುವ ಕಥೆಯಾಗಿ ಓದಬೇಡಿ. ಅದು ಏರ್ಪಾಡಿನ ಒಳಗೇ ಕೂತಿರುತ್ತದೆ. ಮಾಲೀಕರು ದೇವರಂಥವರಾಗಿದ್ದರೂ ಸುತ್ತು ಸುತ್ತೇ.

ಮಾರ್ಕ್ಸ್‌ನದು ಇನ್ನೂ ಒಂದು ಮಾತು ಇಲ್ಲಿಗೆ ಬೇಕು. ಒಂದೇ ಸ್ಥಿತಿಯಲ್ಲಿ ಇರುವುದು ಬೇರೆ, ನಾವೆಲ್ಲ ಒಂದೇ ಸ್ಥಿತಿಯಲ್ಲಿದ್ದೇವೆ ಅಂತ ಅರಿತು ಒಟ್ಟಾಗಿ ನಿಲ್ಲುವುದು ಬೇರೆ. ಏಪ್ರಿಲ್ 17ರವರೆಗೆ ನೀವೆಲ್ಲ ಮೊದಲನೆಯದು. 18ಕ್ಕೆ ಎರಡನೆಯದರ ಹತ್ತಿರ ಬಂದಿರಿ. ಆದರೆ ಯಾಕೆ ಅವತ್ತು? ಸಂಬಳ ಎಷ್ಟೋ ವರ್ಷದಿಂದ ಕಡಿಮೆ ಇತ್ತು. ಟಾರ್ಗೆಟ್ ಮುಟ್ಟದಿದ್ದರೆ ಸೂಪರ್‌ವೈಸರ್ ಬಾಯಿಗೆ ಬಂದ ಹಾಗೆ ಬೈಯುವುದೂ ಹಳೆಯದೇ. ಅದಕ್ಕೆಲ್ಲ ಈ ಮಟ್ಟದಲ್ಲಿ ರಸ್ತೆಗೆ ಬಾರದವರು ಪಿಎಫ್‌ಗೆ ಯಾಕೆ ಬಂದರು? ಬರೀ ಸಂಘರ್ಷ ಸಿದ್ಧಾಂತ ಇಟ್ಟುಕೊಂಡರೆ ಇದಕ್ಕೆ ಉತ್ತರ ಸಿಗುವುದಿಲ್ಲ.

ಮೂರನೆಯದು ಬೇಕಾಗುವುದು ಇಲ್ಲಿ. ಅಮೆರಿಕದ ಜಾರ್ಜ್ ಹರ್ಬರ್ಟ್ ಮೀಡ್ ಪಾಠ ಹೇಳಿದ, ಅವನ ಶಿಷ್ಯ ಹರ್ಬರ್ಟ್ ಬ್ಲೂಮರ್ 1937ರಲ್ಲಿ ಅದಕ್ಕೆ ಸಾಂಕೇತಿಕ ಅಂತರ್‌ಕ್ರಿಯಾವಾದ ಅಂತ ಹೆಸರಿಟ್ಟ. ಹೆಸರು ಬಾಯಿ ತಿರುಗದಷ್ಟು ಉದ್ದ, ವಿಷಯ ಸರಳ. ವಸ್ತು ಏನು ಅನ್ನುವುದಕ್ಕಿಂತ ಅದು ನಮಗೆ ಏನು ಅನ್ನುವುದರ ಮೇಲೆ ನಾವು ನಡೆದುಕೊಳ್ಳುತ್ತೇವೆ. ಆ ಅರ್ಥ ಹುಟ್ಟುವುದು ಒಬ್ಬರೊಡನೊಬ್ಬರು ಆಡುವ ಮಾತಿನಲ್ಲಿ, ಒಡನಾಟದಲ್ಲಿ.

ಸರ್ಕಾರದ ಕಡತದಲ್ಲಿ ಪಿಎಫ್ ಒಂದು ಸಾಮಾಜಿಕ ಭದ್ರತಾ ಯೋಜನೆ. ಫ್ಯಾಕ್ಟರಿಯ ಹೊಲಿಗೆ ಲೈನ್‌ನಲ್ಲಿ ಕೂತವರಿಗೆ ಅದು ‘ನಮ್ಮ ದುಡ್ಡು’. ಸಂಬಳ ಬಂದ ದಿನವೇ ಬಾಡಿಗೆ, ರೇಷನ್, ಚೀಟಿ ಅಂತ ಕರಗಿ ಹೋಗುತ್ತದೆ. ಗಂಡನ ಕೈಗೂ ಹೋಗಬಹುದು. ಪಿಎಫ್ ಹಾಗಲ್ಲ. ತನ್ನ ಹೆಸರಿನಲ್ಲಿ, ತನ್ನ ನಂಬರಿನಲ್ಲಿ, ಬೇರೆ ಯಾರೂ ಮುಟ್ಟಲಾಗದ ಹಾಗೆ ಬೆಳೆಯುವ ಹಣ. ಎಷ್ಟೋ ಹೆಣ್ಣುಮಕ್ಕಳಿಗೆ ಜೀವನದಲ್ಲಿ ಹಾಗೆ ಇರುವ ಹಣ ಅದೊಂದೇ. ಇನ್ನು 58 ವರ್ಷ ಅನ್ನುವ ಸಂಖ್ಯೆ. ಆಫೀಸಿನಲ್ಲಿ ಕೂತವರಿಗೆ ಅದು ನಿವೃತ್ತಿ ವಯಸ್ಸು. ಗಾರ್ಮೆಂಟ್ಸ್‌ನಲ್ಲಿ ನಲವತ್ತು ದಾಟಿದ ಮೇಲೆ ಕಣ್ಣು, ಬೆನ್ನು, ಟಾರ್ಗೆಟ್ ಮೂರನ್ನೂ ನಿಭಾಯಿಸಿಕೊಂಡು ಮಿಷನ್ ಮುಂದೆ ಉಳಿಯುವವರು ಎಷ್ಟು ಜನ? ಹಾಗಾಗಿ 58 ಅಂದರೆ ಅವರ ಕಿವಿಗೆ ಕೇಳಿಸಿದ್ದು ‘ಇನ್ನು ಸಿಗಲ್ಲ’ ಅಂತ. ಅರ್ಧ ಸುದ್ದಿ, ಅರ್ಧ ಗಾಳಿಮಾತು ಸೇರಿ ಪಿಎಫ್ ಪೂರ್ತಿ ಹೋಯಿತು ಅಂತಲೂ ಕೆಲವರು ತಿಳಿದುಕೊಂಡರು.

ತಪ್ಪು ತಿಳಿದುಕೊಂಡರು ಅಂತ ತಳ್ಳಿಹಾಕುವ ಹಾಗಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞರಾದ ಡಬ್ಲ್ಯೂ. ಐ. ಥಾಮಸ್ ಮತ್ತು ಡೊರೊಥಿ ಥಾಮಸ್ 1928ರಲ್ಲೇ ಹೇಳಿದ್ದಾರೆ: ಜನ ಒಂದು ಸನ್ನಿವೇಶವನ್ನು ನಿಜ ಅಂತ ನಂಬಿದರೆ, ಅದರ ಪರಿಣಾಮ ನಿಜವಾಗಿಯೇ ಆಗುತ್ತದೆ. ಈ ಮಾತನ್ನು ಹಿಡಿದಿಟ್ಟುಕೊಳ್ಳಿ, ಲಿಂಗತ್ವದ ವಿಷಯಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ.

ಹಾಗಾದರೆ ನನ್ನ ಲೆಕ್ಕದಲ್ಲಿ ಈ ಗಲಾಟೆಗೆ ಒಳ್ಳೆ ಉತ್ತರ ಕೊಡುವುದು ಎರಡನೆಯದು ಮತ್ತು ಮೂರನೆಯದು ಸೇರಿಕೊಂಡಾಗ. ಒಂದು ಸೌದೆ ಎಲ್ಲಿಂದ ಬಂತು ಅಂತ ಹೇಳುತ್ತದೆ, ಇನ್ನೊಂದು ಕಿಡಿ ಹೇಗೆ ಹತ್ತಿತು ಅಂತ. ಕಾರ್ಯವಾದದಿಂದ ಮರ್ಟನ್‌ನ ಒಂದು ಪರಿಕಲ್ಪನೆ ತಗೊಂಡು ಉಳಿದದ್ದು ಬಿಡುತ್ತೇನೆ. ಬೇರೆ ವಿಷಯದಲ್ಲಿ ಈ ಲೆಕ್ಕ ಬದಲಾಗಬಹುದು. ಜಾತ್ರೆಯೋ ಹಬ್ಬವೋ ಆಗಿದ್ದರೆ ಡರ್ಕೈಮ್‌ನನ್ನೇ ಮೊದಲು ಕರೆಯುತ್ತಿದ್ದೆ. ಜನ ಒಟ್ಟು ಸೇರಿದಾಗ ಒಬ್ಬೊಬ್ಬರಲ್ಲೂ ಇಲ್ಲದ ಒಂದು ಹುರುಪು ಗುಂಪಿನಲ್ಲಿ ಹುಟ್ಟುತ್ತದೆ ಅಂತ ಅವನು 1912ರಲ್ಲಿ ಬರೆದ. ಅದನ್ನು ಹೊಸೂರು ರಸ್ತೆಯಲ್ಲಿ ನೀವು ಮೈಮೇಲೆ ಅನುಭವಿಸಿರುತ್ತೀರಿ. ಸೂಪರ್‌ವೈಸರ್ ಎದುರು ತಲೆ ಎತ್ತದವರು ಅವತ್ತು ಪೊಲೀಸರ ಎದುರು ನಿಂತದ್ದಕ್ಕೆ ಬರೀ ಪಿಎಫ್ ಕಾರಣ ಅಲ್ಲ.

ಎರಡನೇ ಪ್ರಶ್ನೆಗೆ ಬರೋಣ. ಇದೇ ನನಗೆ ಜಾಸ್ತಿ ಇಷ್ಟವಾದದ್ದು.

ಹೆಣ್ಣು, ಗಂಡು ಅನ್ನುವ ದೇಹದ ವ್ಯತ್ಯಾಸ ಒಂದು. ಹೆಣ್ಣು ಹೀಗಿರಬೇಕು, ಗಂಡು ಈ ಕೆಲಸ ಮಾಡಬೇಕು ಅಂತ ಸಮಾಜ ಹಾಕಿಕೊಟ್ಟ ಕಟ್ಟುಪಾಡು ಇನ್ನೊಂದು. ಮೊದಲನೆಯದು ಲಿಂಗ, ಎರಡನೆಯದು ಲಿಂಗತ್ವ. 1972ರಲ್ಲಿ ಇಂಗ್ಲೆಂಡಿನ ಆನ್ ಓಕ್ಲಿ ಈ ಎರಡನ್ನೂ ಬಿಡಿಸಿ ಹೇಳಿದ ಮೇಲೆ ಸಮಾಜಶಾಸ್ತ್ರದಲ್ಲಿ ಇದು ಮಾಮೂಲಿಯಾಯಿತು. ಇಷ್ಟು ನಿಮ್ಮ ನೋಟ್ಸ್‌ನಲ್ಲೂ ಇರುತ್ತದೆ. ನೋಟ್ಸ್‌ನಲ್ಲಿ ಇಲ್ಲದ್ದು ನಿಮ್ಮ ಹೊಲಿಗೆ ಮಿಷನ್.

ನಿಮ್ಮ ಊರಿನಲ್ಲಿ ಬಟ್ಟೆ ಹೊಲಿಯುತ್ತಿದ್ದವರು ಯಾರು, ನೆನಪು ಮಾಡಿಕೊಳ್ಳಿ. ಅಂಗಡಿ ಜಗುಲಿಯ ಮೇಲೆ ಕಾಲಲ್ಲಿ ತುಳಿಯುವ ಮಿಷನ್ ಇಟ್ಟುಕೊಂಡು, ಕೊರಳಿಗೆ ಟೇಪು ಹಾಕಿಕೊಂಡು, ಕಿವಿಗೆ ಸೀಮೆಸುಣ್ಣವೋ ಪೆನ್ಸಿಲ್ಲೋ ಸಿಕ್ಕಿಸಿಕೊಂಡು ಕೂತಿರುತ್ತಿದ್ದದ್ದು ಗಂಡಸು. ದರ್ಜಿ ಅಂದರೆ ಗಂಡಸಿನ ಕಸುಬು. ಸಿಂಪಿಗರಲ್ಲಿ ಅದು ತಂದೆಯಿಂದ ಮಗನಿಗೆ ಬಂದ ವಿದ್ಯೆ. ಜನ ಟೈಲರಣ್ಣ ಅಂತ ಕರೆದು ಮರ್ಯಾದೆ ಕೊಡುತ್ತಿದ್ದರು. ಅದೇ ಹೊಲಿಗೆ ಫ್ಯಾಕ್ಟರಿ ಒಳಗೆ ಬಂದ ಕೂಡಲೇ ಹೆಂಗಸರ ಕೆಲಸ ಆಯಿತು. ಗಾರ್ಮೆಂಟ್ಸ್‌ನಲ್ಲಿ ಬಹುಪಾಲು ಹೆಣ್ಣುಮಕ್ಕಳು. ಕಾರಣ ಕೇಳಿ, ‘ಹೆಂಗಸರ ಬೆರಳು ನಯ, ಅವರಿಗೆ ತಾಳ್ಮೆ ಜಾಸ್ತಿ’ ಅಂತಾರೆ. ಹಾಗಾದರೆ ನಿಮ್ಮೂರ ಟೈಲರಣ್ಣನ ಬೆರಳು ಒರಟಾಗಿತ್ತಾ? ಕತ್ತರಿ ಹಿಡಿಯುವ ಕಟಿಂಗ್ ಮಾಸ್ಟರ್, ಮಿಷನ್ ರಿಪೇರಿಯ ಮೆಕ್ಯಾನಿಕ್, ಫ್ಲೋರ್ ಇನ್‌ಚಾರ್ಜ್ ಹೆಚ್ಚಾಗಿ ಗಂಡಸರೇ. ಮೆಕ್ಯಾನಿಕ್‌ಗೆ ಬೆರಳು ನಯ ಇರುವುದು ಬೇಡವಾ?

ಬೆರಳಿನಲ್ಲಿ ವ್ಯತ್ಯಾಸ ಇಲ್ಲ. ಕೆಲಸದ ಮರ್ಯಾದೆ ಮತ್ತು ಕೂಲಿಯಲ್ಲಿ ಇದೆ. ಡಯಾನ್ ಎಲ್ಸನ್, ರೂತ್ ಪಿಯರ್ಸನ್ ಎಂಬ ಇಬ್ಬರು 1981ರಲ್ಲಿ ಹಲವು ದೇಶಗಳ ರಫ್ತು ಕಾರ್ಖಾನೆಗಳ ಬಗ್ಗೆ ಬರೆಯುತ್ತಾ ಇದರ ಒಳಗುಟ್ಟು ಬಿಚ್ಚಿಟ್ಟರು. ಹುಡುಗಿಯರು ಹೊಲಿಗೆ, ಕಸೂತಿ, ಮನೆಗೆಲಸ ಅಂತ ಚಿಕ್ಕಂದಿನಿಂದ ಅಮ್ಮ, ಅಕ್ಕಂದಿರ ಜೊತೆ ಕೂತು ಕಲಿತಿರುತ್ತಾರೆ. ಅದು ವರ್ಷಗಟ್ಟಲೆ ನಡೆದ ತರಬೇತಿ. ಆದರೆ ಸರ್ಟಿಫಿಕೇಟ್ ಇಲ್ಲ, ಹೇಳಿಕೊಟ್ಟದ್ದು ಮನೆಯಲ್ಲಿ, ಹಾಗಾಗಿ ಅದನ್ನು ಹುಟ್ಟುಗುಣ ಅಂದುಬಿಡುತ್ತಾರೆ. ಕಲಿತ ವಿದ್ಯೆಗೆ ಕೂಲಿ ಜಾಸ್ತಿ ಕೊಡಬೇಕು, ಹುಟ್ಟುಗುಣಕ್ಕೆ ಕೊಡಬೇಕಾಗಿಲ್ಲ ಅಲ್ವಾ? ಲಿಂಗತ್ವ ಸಮಾಜ ಕಟ್ಟಿದ್ದು ಅಂದರೆ ಇದು. ಎಲ್ಲಿಯೋ ಆಕಾಶದಲ್ಲಿ ಕಟ್ಟಿದ್ದಲ್ಲ, ನಿಮ್ಮ ಸಂಬಳದ ಚೀಟಿಯಲ್ಲಿ ಕಟ್ಟಿದ್ದು.

ಹಾಗಾದರೆ ಅದು ಸುಳ್ಳಾ ಅಂತ ಕೇಳಿದಿರಿ. ಪಿಎಫ್ ನಿಯಮವೂ ಮನುಷ್ಯರು ಬರೆದದ್ದೇ. ಬರೆದರು, ಎರಡು ತಿಂಗಳಲ್ಲಿ ಅಳಿಸಿದರು. ಅದು ಬೆಟ್ಟದ ಹಾಗೆ, ನದಿಯ ಹಾಗೆ ಇದ್ದದ್ದಲ್ಲ. ಅಂತ ಹೇಳಿ ಆ ನಿಯಮ ಸುಳ್ಳು ಅನ್ನಲಾಗುತ್ತದಾ? ಅದರಿಂದ ಬಿದ್ದ ಲಾಠಿ ಏಟು ಸುಳ್ಳಲ್ಲ. ಸಮಾಜ ಕಟ್ಟಿದ್ದು ಅಂದರೆ ಎರಡೇ ಅರ್ಥ: ಅದು ಬೇರೆ ಥರವೂ ಇರಬಹುದಿತ್ತು, ಮತ್ತು ಅದನ್ನು ನಿಲ್ಲಿಸಿಕೊಂಡು ಹೋಗಲು ಯಾರೋ ದಿನಾ ಕೆಲಸ ಮಾಡುತ್ತಲೇ ಇರಬೇಕು.

ದಿನಾ ಮಾಡುವ ಈ ಕೆಲಸದ ಬಗ್ಗೆ 1987ರಲ್ಲಿ ಕ್ಯಾಂಡೇಸ್ ವೆಸ್ಟ್ ಮತ್ತು ಡಾನ್ ಜಿಮ್ಮರ್‌ಮನ್ ಬರೆದರು. ಅವರ ಪ್ರಕಾರ ಲಿಂಗತ್ವ ನಮ್ಮ ಹತ್ತಿರ ಇರುವ ವಸ್ತುವಲ್ಲ, ನಾವು ಮತ್ತೆ ಮತ್ತೆ ಮಾಡಿ ತೋರಿಸುವ ನಡವಳಿಕೆ. ಅದನ್ನು ನೋಡಿ ಸರಿ, ತಪ್ಪು ಅಂತ ಸುತ್ತಲಿನವರು ತೀರ್ಪು ಕೊಡುತ್ತಿರುತ್ತಾರೆ. ಫ್ಯಾಕ್ಟರಿಯಲ್ಲಿ ಟಾರ್ಗೆಟ್ ಮುಗಿಸಿ, ಟೆಂಪೋದಲ್ಲಿ ನಿಂತುಕೊಂಡು ಬಂದು, ಮನೆ ಬಾಗಿಲು ತೆಗೆದ ಕೂಡಲೇ ಮುಖ ತೊಳೆದು ಒಲೆ ಮುಂದೆ ನಿಲ್ಲುತ್ತಿದ್ದಿರಲ್ಲ, ಅದೂ ಇದೇ. ಅದೇ ಹೊತ್ತಿಗೆ ಮನೆಗೆ ಬಂದ ಗಂಡ ಟಿವಿ ಹಾಕಿಕೊಂಡು ಕೂರುವುದೂ ಇದೇ. ಒಂದು ದಿನ ಅದಲು ಬದಲು ಮಾಡಿ ನೋಡಿ. ಅತ್ತೆಯೋ ಪಕ್ಕದ ಮನೆಯವರೋ ಏನಾದರೂ ಅನ್ನದೆ ಬಿಡುವುದಿಲ್ಲ. ಆ ಮಾತೇ ತೀರ್ಪು. ಗಂಡ ಹೊರಗೆ ದುಡಿಯುತ್ತಾನೆ, ಹೆಂಡತಿ ಮನೆಯ ಮನಸ್ಸನ್ನು ನೋಡಿಕೊಳ್ಳುತ್ತಾಳೆ, ಹೀಗೆ ಕೆಲಸ ಹಂಚಿಕೊಂಡರೆ ಕುಟುಂಬ ಸರಿಯಾಗಿ ನಡೆಯುತ್ತದೆ ಅಂತ ಪಾರ್ಸನ್ಸ್ ಬರೆದದ್ದು ಅಮೆರಿಕದ ಮಧ್ಯಮ ವರ್ಗದ ಮನೆಗಳನ್ನು ನೋಡಿಕೊಂಡು. ಎರಡೂ ಕಡೆ ದುಡಿಯುವ ನಿಮ್ಮಂಥವರು ಆ ಚಿತ್ರದಲ್ಲೇ ಇಲ್ಲ. ಸಂಬಳದ ಕೆಲಸ ಮುಗಿಸಿ ಬಂದ ಹೆಂಗಸಿಗೆ ಮನೆಯಲ್ಲಿ ಎರಡನೇ ಪಾಳಿ ಕಾದಿರುತ್ತದೆ ಅಂತ 1989ರಲ್ಲಿ ಆರ್ಲಿ ಹೋಕ್ಸ್‌ಚೈಲ್ಡ್ ಬರೆದಾಗ ಆ ಚಿತ್ರಕ್ಕೆ ಒಳ್ಳೆಯ ಏಟು ಬಿತ್ತು.

ಇನ್ನೊಂದು ವಿಷಯ. ಸಮಾಜ ಎರಡೇ ಖಾನೆ ಮಾಡಿ ಎಲ್ಲರನ್ನೂ ಅದರೊಳಗೆ ತುರುಕಲು ನೋಡುತ್ತದೆ. ಅದಕ್ಕೆ ಹೊಂದದವರು ನಮ್ಮಲ್ಲಿ ಮೊದಲಿನಿಂದಲೂ ಇದ್ದಾರೆ. ಸವದತ್ತಿ ಯಲ್ಲಮ್ಮನ ಪರಂಪರೆಯ ಜೋಗಪ್ಪಗಳಿಗೆ ಭಕ್ತಿಯ ಲೋಕದಲ್ಲಿ ಒಂದು ಜಾಗ ಇತ್ತು, ಆದರೆ ಶಾಲೆಯಲ್ಲಿ, ಕೆಲಸದಲ್ಲಿ ಇರಲಿಲ್ಲ. 2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೃತೀಯ ಲಿಂಗಿಗಳನ್ನು ಕಾನೂನಿನ ಮಟ್ಟಿಗೆ ಗುರುತಿಸಿತು. 2021ರಲ್ಲಿ ಕರ್ನಾಟಕ ಸರ್ಕಾರ ತನ್ನ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಮೀಸಲಾತಿ ಕೊಟ್ಟಿತು. ಜೋಗತಿ ಪರಂಪರೆಯಿಂದ ಬಂದ ತೃತೀಯ ಲಿಂಗಿ ಕಲಾವಿದೆ ಮಂಜಮ್ಮ ಜೋಗತಿ ಅವರು ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷರಾದರು, ಪದ್ಮಶ್ರೀ ಪಡೆದರು. ಖಾನೆಗಳನ್ನು ಮನುಷ್ಯರೇ ಮಾಡಿದ್ದು ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಮೂರನೆಯದು, ಅಸ್ಮಿತೆ, ಅಂದರೆ ನಾನು ಯಾರು ಅನ್ನುವ ಗುರುತು. ಕೆಲಸದಲ್ಲಿದ್ದಾಗ ಊರಿಗೆ ಹೋದರೆ ನೀವು ‘ಬೆಂಗಳೂರಲ್ಲಿ ಕೆಲಸ ಮಾಡೋಳು’. ಬೆಂಗಳೂರಿನ ವಠಾರದಲ್ಲಿ ‘ಗಾರ್ಮೆಂಟ್ಸ್‌ಗೆ ಹೋಗೋಳು’. ಮೊದಲನೆಯದರಲ್ಲಿ ಸ್ವಲ್ಪ ಹೆಮ್ಮೆ, ಎರಡನೆಯದರಲ್ಲಿ ಸ್ವಲ್ಪ ತಾತ್ಸಾರ. ನೀವು ಒಬ್ಬರೇ, ಕೆಲಸವೂ ಒಂದೇ. ಬೇರೆಯವರ ಕಣ್ಣಿನಲ್ಲಿ ನಾವು ಹೇಗೆ ಕಾಣುತ್ತೇವೆ ಅಂತ ಊಹಿಸಿಕೊಂಡೇ ನಮ್ಮ ಬಗ್ಗೆ ನಾವು ಅಭಿಪ್ರಾಯ ಕಟ್ಟಿಕೊಳ್ಳುತ್ತೇವೆ ಅಂತ ಅಮೆರಿಕದ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಹಾರ್ಟನ್ ಕೂಲಿ 1902ರಲ್ಲಿ ಹೇಳಿದ್ದು ಇದನ್ನೇ. ಅವನು ಅದನ್ನು ಕನ್ನಡಿಗೆ ಹೋಲಿಸಿದ. ಅಸ್ಮಿತೆಯನ್ನು ಹುಟ್ಟಿನಿಂದ ಅಂಟಿಕೊಂಡು ಬಂದ ಗುರುತು ಅಂತ ಮಾತ್ರ ಬರೆದರೆ ಅರ್ಧ ಮಾರ್ಕು ಹೋಗುತ್ತದೆ. ಅದು ಜಾಗಕ್ಕೆ ತಕ್ಕ ಹಾಗೆ ಮುಂದೆ ಬರುತ್ತದೆ, ಹಿಂದೆ ಸರಿಯುತ್ತದೆ.

ಹಲವು ಅಸ್ಮಿತೆ ಅನ್ನುವುದನ್ನು ಹೆಚ್ಚಿನವರು ಕೂಡುವ ಲೆಕ್ಕದ ಹಾಗೆ ಬರೆಯುತ್ತಾರೆ. ಹೆಣ್ಣು ಅಂತ ಒಂದು ಕಷ್ಟ, ಬಡವಿ ಅಂತ ಒಂದು, ದಲಿತಳು ಅಂತ ಇನ್ನೊಂದು, ಒಟ್ಟು ಮೂರು. ಹಾಗಲ್ಲ. ಅವು ಒಂದರೊಳಗೊಂದು ಹೆಣೆದುಕೊಂಡು ಹೊಸದೇ ಒಂದು ಕಷ್ಟ ಆಗುತ್ತದೆ. ಅಮೆರಿಕದ ಕಾನೂನು ಪ್ರಾಧ್ಯಾಪಕಿ ಕಿಂಬರ್ಲೆ ಕ್ರೆನ್ಶಾ 1989ರಲ್ಲಿ ಇದನ್ನು ಒಂದು ಹಳೆಯ ಮೊಕದ್ದಮೆಯಿಂದ ತೋರಿಸಿದರು. ಒಂದು ಕಾರು ಕಂಪನಿ ಕರಿಯ ಗಂಡಸರನ್ನು ಕಾರ್ಖಾನೆಗೆ ತಗೊಳ್ಳುತ್ತಿತ್ತು, ಬಿಳಿಯ ಹೆಂಗಸರನ್ನು ಆಫೀಸಿಗೆ ತಗೊಳ್ಳುತ್ತಿತ್ತು. ಕರಿಯ ಹೆಂಗಸರು ಎರಡೂ ಕಡೆ ಹೊರಗೆ. ಅವರು ಕೋರ್ಟಿಗೆ ಹೋದರೆ, ಕಂಪನಿ ಹೆಂಗಸರನ್ನು ತಗೊಂಡಿದೆ, ಕರಿಯರನ್ನೂ ತಗೊಂಡಿದೆ, ಎರಡನ್ನೂ ಸೇರಿಸಿ ಹೊಸ ದೂರು ಮಾಡುವ ಹಾಗಿಲ್ಲ ಅಂತ ಉತ್ತರ ಬಂತು.

ನಿಮ್ಮ ನೋಟ್ಸ್‌ನಲ್ಲಿ ಕ್ರೆನ್ಶಾ ಇರಬಹುದು. ಆದರೆ ಜಾತಿ ಮತ್ತು ಲಿಂಗತ್ವ ಹೆಣೆದುಕೊಂಡಿವೆ ಅಂತ ಅದಕ್ಕೂ ಎಪ್ಪತ್ತು ವರ್ಷ ಮೊದಲೇ ಒಬ್ಬರು ಬರೆದಿದ್ದರು. 1916ರ ಮೇ ತಿಂಗಳು, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ, ಒಂದು ಮಾನವಶಾಸ್ತ್ರ ಗೋಷ್ಠಿ. ಪ್ರಬಂಧ ಓದಿದ ವಿದ್ಯಾರ್ಥಿ ಅಂಬೇಡ್ಕರ್, ವಯಸ್ಸು 25. ಜಾತಿಯ ತಿರುಳು ಇರುವುದು ಒಳಗೊಳಗೇ ಮದುವೆ ಮಾಡಿಕೊಳ್ಳುವ ಕಟ್ಟಿನಲ್ಲಿ ಅಂದರು. ಆ ಕಟ್ಟು ಒಡೆಯದೆ ಉಳಿಯಬೇಕಾದರೆ ಹೆಣ್ಣನ್ನು ಹಿಡಿತದಲ್ಲಿ ಇಡಬೇಕು. ಸತಿ, ವಿಧವೆಗೆ ಮರುಮದುವೆ ಇಲ್ಲದಿರುವುದು, ಬಾಲ್ಯವಿವಾಹ ಇವೆಲ್ಲ ಆ ಹಿಡಿತದ ಉಪಾಯಗಳು ಅಂತ ಒಂದೊಂದಾಗಿ ಬಿಡಿಸಿ ತೋರಿಸಿದರು. ಜಾತಿಯ ಪಾಠವನ್ನು ಒಂದು ಅಧ್ಯಾಯದಲ್ಲಿ, ಲಿಂಗತ್ವದ ಪಾಠವನ್ನು ಇನ್ನೊಂದು ಅಧ್ಯಾಯದಲ್ಲಿ ಇಡುವ ನಮ್ಮ ಪಠ್ಯಕ್ರಮದವರು ಈ ಪ್ರಬಂಧವನ್ನು ಸರಿಯಾಗಿ ಓದಿದ್ದಾರಾ ಅಂತ ನನಗೆ ಆಗಾಗ ಅನುಮಾನ ಬರುತ್ತದೆ.

ಪರೀಕ್ಷೆಗೆ ಬಂದರೆ, ಹತ್ತು ಅಂಕದ ಉತ್ತರದಲ್ಲಿ ಮೊದಲು ಸಿದ್ಧಾಂತದ ಪ್ರಶ್ನೆ ಏನು ಅಂತ ಎರಡು ಸಾಲು ಬರೆಯಿರಿ. ಹುಟ್ಟಿದ ವರ್ಷ, ಸತ್ತ ವರ್ಷ ಬೇಡ. ಆಮೇಲೆ ಒಂದೇ ಒಂದು ಉದಾಹರಣೆ ತಗೊಂಡು ಅದನ್ನು ಪೂರ್ತಿ ಬಿಡಿಸಿ. ಕೊನೆಗೆ ಆ ಸಿದ್ಧಾಂತಕ್ಕೆ ಕಾಣದೆ ಹೋದದ್ದು ಏನು ಅಂತ ಬರೆಯಿರಿ. ಅಂಕ ಬರುವುದು ಆ ಕೊನೆಯ ಭಾಗಕ್ಕೆ.

ಕಿರು ಅಧ್ಯಯನ ಮಾಡಿ ಅಂತ ಕೊಟ್ಟರೆ ಬೇರೆ ವಿಷಯ ಹುಡುಕಬೇಡಿ. ನಿಮ್ಮ ಹಳೆಯ ಲೈನ್‌ನ ಟೈಲರ್, ಹೆಲ್ಪರ್, ಚೆಕಿಂಗ್‌ನವರಲ್ಲಿ ಕೆಲವರನ್ನು ಕೂರಿಸಿ ಮಾತಾಡಿಸಿ. ಪಿಎಫ್ ತೆಗೆದದ್ದು ಯಾವಾಗ, ಯಾತಕ್ಕೆ, ಆ ಹಣ ಏನು ಮಾಡಬೇಕು ಅಂತ ತೀರ್ಮಾನ ಮಾಡಿದ್ದು ಯಾರು, ಇದಿಷ್ಟು ಕೇಳಿ. ಹೆಸರು, ಫ್ಯಾಕ್ಟರಿ ಬದಲಿಸಿ ಬರೆಯಿರಿ, ಮೊದಲೇ ಒಪ್ಪಿಗೆ ಕೇಳಿ. ಮೂರನೇ ಪ್ರಶ್ನೆಗೆ ಉತ್ತರ ಹೇಳುವಾಗ ಕೆಲವರು ತಡವರಿಸುತ್ತಾರೆ, ಅವಸರ ಮಾಡಬೇಡಿ. ಮನೆಯವರ ಎದುರಿಗಂತೂ ಆ ಪ್ರಶ್ನೆ ಬೇಡ.